ಕುರ್ಚಿಯ ಕಾಯಕಕ್ಕೆ ತಕ್ಕ ಬುತ್ತಿ

ನಮ್ಮ ಹಿರಿಯರು ಹೊಲಕ್ಕೆ ಹೋದರೆ ಅವರ ಹಿಂದೆಯೇ ಬುತ್ತಿಯೂ ಹೋಗುತ್ತಿತ್ತು. ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ, ಪುಟ್ಟ ಗಡಿಗೆಯಲ್ಲಿ ಮಜ್ಜಿಗೆ. ಮಧ್ಯಾಹ್ನ ಮರದ ನೆರಳಿನಲ್ಲಿ ಕುಳಿತು ಆ ಗಂಟನ್ನು ಬಿಚ್ಚುವ ವೇಳೆಗೆ ಅವರ ದೇಹ ಐದಾರು ತಾಸು ದುಡಿದಿರುತ್ತಿತ್ತು. ಇಂದು ಅದೇ ಮನೆತನದ ಮೊಮ್ಮಗ ಒಂಬತ್ತೂವರೆಗೆ ವಾಹನವೇರಿ ಕಚೇರಿಗೆ ಹೊರಡುತ್ತಾನೆ. ಅವನ ಚೀಲದಲ್ಲಿ ಲ್ಯಾಪ್‌ಟಾಪ್ ಇದೆ, ಮೊಬೈಲ್ ಚಾರ್ಜರ್ ಇದೆ. ಬುತ್ತಿ ಮಾತ್ರ ಇಲ್ಲ. ಹಸಿವಾದಾಗ ಹತ್ತಿರದ ಬೇಕರಿ ಇದೆಯಲ್ಲ ಎಂಬ ಧೈರ್ಯ ಅವನದು.

ಕೆಲವು ಕಾಲದ ಹಿಂದೆ ಸರಕಾರಿ ಕಚೇರಿಯೊಂದರ ಗುಮಾಸ್ತರು ನನ್ನ ಬಳಿ ಬಂದಿದ್ದರು. ವಯಸ್ಸು ಮೂವತ್ತೊಂಬತ್ತು. ಮದ್ಯವಿಲ್ಲ, ತಂಬಾಕಿಲ್ಲ, ಶುದ್ಧ ಸಸ್ಯಾಹಾರಿ. ನಿತ್ಯ ಪೂಜೆ ಮಾಡಿಯೇ ಮನೆ ಬಿಡುವ ಶಿಸ್ತಿನ ಮನುಷ್ಯರು. ಜೀವವಿಮೆಗಾಗಿ ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ 168 ಎಂದು ಬಂದಿತ್ತು. ಕಾಗದವನ್ನು ಮೇಜಿನ ಮೇಲಿಟ್ಟು ಅವರು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ: "ಸಾಹೇಬ್ರ, ನಮ್ಮಜ್ಜ ಹತ್ತು ರೊಟ್ಟಿ ಉಂಡು ತೊಂಬತ್ತು ವರ್ಷ ಬಾಳಿದ್ರಿ. ನಾ ಉಣ್ಣೋದು ನಾಕು ರೊಟ್ಟಿ. ನನಗ್ಯಾಕ ಸಕ್ಕರಿ ಬಂತ್ರಿ?"

ಪ್ರಶ್ನೆ ಅವರೊಬ್ಬರದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ; ಇನ್ನೂ ಹದಿಮೂರು ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಿಂತ ಪಟ್ಟಣದಲ್ಲಿ ಅದರ ಹಾವಳಿ ಹೆಚ್ಚು. ದುಡಿಯುವ ವಯಸ್ಸಿನಲ್ಲಿಯೇ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಮನೆಯ ಆಧಾರಸ್ತಂಭವೊಂದು ಬಿರುಕು ಬಿಡುತ್ತದೆ. ಆದುದರಿಂದ ಗುಮಾಸ್ತರ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳುವುದು ನಮ್ಮೆಲ್ಲರ ಅಗತ್ಯ.

ಅಜ್ಜನ ತಟ್ಟೆ, ಮೊಮ್ಮಗನ ಕುರ್ಚಿ

ಉತ್ತರದ ಮೊದಲ ಭಾಗ ಸರಳವಾದ ಲೆಕ್ಕದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದ ಪ್ರಮಾಣದಂತೆ, 65 ಕಿಲೋ ತೂಕದ ಪುರುಷ ಮೈಮುರಿದು ದುಡಿಯುವವನಾದರೆ ಅವನಿಗೆ ದಿನಕ್ಕೆ ಸುಮಾರು 3470 ಕಿಲೋಕ್ಯಾಲೊರಿ ಶಕ್ತಿ ಬೇಕು. ಅದೇ ತೂಕದವನು ಕುಳಿತು ಕೆಲಸ ಮಾಡುವವನಾದರೆ 2110 ಸಾಕು. ಮಹಿಳೆಯರಲ್ಲಿ ಈ ಅಂಕಿಗಳು ಕ್ರಮವಾಗಿ 2720 ಮತ್ತು 1660.

ಪುರುಷರ ಎರಡು ಅಂಕಿಗಳ ನಡುವಿನ ಅಂತರ 1360. ಸಾಧಾರಣ ಗಾತ್ರದ ಒಂದು ಜೋಳದ ರೊಟ್ಟಿಗೆ 150 ಕಿಲೋಕ್ಯಾಲೊರಿ ಎಂದು ಹಿಡಿದರೆ, ಈ ಅಂತರ ಸುಮಾರು ಒಂಬತ್ತು ರೊಟ್ಟಿಗಳಿಗೆ ಸಮ. ಅಂದರೆ ಅಜ್ಜ ಮೊಮ್ಮಗನಿಗಿಂತ ದಿನಕ್ಕೆ ಒಂಬತ್ತು ರೊಟ್ಟಿ ಹೆಚ್ಚು ಉಂಡರೂ ಅದು ಹೊಲದಲ್ಲಿಯೇ ಕರಗಿ ಬೆವರಾಗುತ್ತಿತ್ತು. ಮೊಮ್ಮಗನು ನಾಲ್ಕೇ ರೊಟ್ಟಿ ಉಂಡರೂ ಅದರ ಮೇಲೆ ಒಂದು ರಾಶಿ ಅನ್ನ, ಸಂಜೆಯ ಭಜಿ, ಬೇಕರಿಯ ಪಫ್, ಐದು ಕಪ್ಪು ಚಹಾ ಸೇರಿ ಅವನ ಅಗತ್ಯವನ್ನು ಮೀರುತ್ತವೆ. ಮೀರಿದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ, ಯಕೃತ್ತಿನೊಳಗೆ ಶೇಖರವಾಗುತ್ತದೆ. ಅಲ್ಲಿ ಸೇರಿದ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ.

ದೋಷ ರೊಟ್ಟಿಯದಲ್ಲ. ದುಡಿಮೆಯ ಸ್ವರೂಪ ಬದಲಾಯಿತು, ತಟ್ಟೆಯ ಅಳತೆ ಬದಲಾಗಲಿಲ್ಲ. ಕಾಯಿಲೆ ಹುಟ್ಟಿದ್ದು ಈ ಅಂತರದಲ್ಲಿ.

ಲಂಡನ್ನಿನ ಬಸ್ಸು ಹೇಳಿದ ಪಾಠ

ಕುಳಿತು ಮಾಡುವ ಕೆಲಸಕ್ಕೂ ಹೃದಯದ ಕಾಯಿಲೆಗೂ ಇರುವ ನಂಟನ್ನು ಮೊದಲಿಗೆ ವ್ಯವಸ್ಥಿತವಾಗಿ ತೋರಿಸಿದವರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಪ್ರಮುಖರು. ಅವರ ತಂಡ ಲಂಡನ್ ಸಾರಿಗೆಯ ಸುಮಾರು 31 ಸಾವಿರ ಪುರುಷ ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಒಂದೇ ಬಸ್ಸು, ಒಂದೇ ಹಾದಿ. ಚಾಲಕ ಪಾಳಿಯ ಬಹುಪಾಲು ಸಮಯ ಕುಳಿತಿರುತ್ತಿದ್ದ. ನಿರ್ವಾಹಕನಾದರೋ ಎರಡಂತಸ್ತಿನ ಆ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿ ಇಳಿಯುತ್ತ ಟಿಕೆಟ್ಟು ಕೊಡುತ್ತಿದ್ದ. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಅಂಚೆ ಇಲಾಖೆಯಲ್ಲಿಯೂ ಇದೇ ಬಗೆ: ಮನೆಮನೆಗೆ ತಿರುಗುವ ಅಂಚೆಯವರಿಗಿಂತ ಮೇಜಿನ ಮುಂದೆ ಕುಳಿತವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂದಿತು.

ಮಾರಿಸ್ ಅವರು ಅಲ್ಲಿಗೇ ನಿಲ್ಲಲಿಲ್ಲ. ಚಾಲಕರ ಸಮವಸ್ತ್ರದ ಅಳತೆಗಳನ್ನು ನೋಡಿದಾಗ ಅವರ ಸೊಂಟದ ಸುತ್ತಳತೆ ಮೊದಲಿನಿಂದಲೇ ಹೆಚ್ಚಿದ್ದುದು ತಿಳಿಯಿತು. ಅದನ್ನೂ 1956ರಲ್ಲಿ ಪ್ರಕಟಿಸಿದರು. ದೇಹದ ಪ್ರಕೃತಿಗೂ ಪಾಲಿದೆ ಎಂದು ಇದರಿಂದ ತಿಳಿಯಬೇಕು. ಆದರೆ ಮುಂದಿನ ದಶಕಗಳಲ್ಲಿ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ಮೂಲ ಮಾತನ್ನು ಗಟ್ಟಿಗೊಳಿಸಿವೆ. ನಡೆಯುವ ದೇಹ ಹೃದಯವನ್ನು ಕಾಯುತ್ತದೆ.

ನಮ್ಮಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಅಷ್ಟೇ ತೂಕದ ಯುರೋಪಿನವರಿಗೆ ಹೋಲಿಸಿದರೆ ಭಾರತೀಯರ ಹೊಟ್ಟೆಯಲ್ಲಿ ಕೊಬ್ಬು ಬೇಗ ಸೇರುತ್ತದೆ. ಆದ್ದರಿಂದಲೇ ನಮ್ಮ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯೇ ಎಚ್ಚರಿಕೆಯ ಗೆರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟನ್ನು "ಸುಖದ ಹೊಟ್ಟೆ" ಎಂದು ನಗೆಯಾಡುವುದುಂಟು. ವೈದ್ಯರ ಕಣ್ಣಿಗೆ ಅದು ಕಾಯಿಲೆಯ ಮುನ್ಸೂಚನೆ.

ಚಹಾದ ಲೆಕ್ಕ

"ನಾನು ಸಿಹಿ ತಿನ್ನುವುದೇ ಇಲ್ಲ" ಎಂದು ಆ ಗುಮಾಸ್ತರು ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ; ಚಹಾವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ. ಬಂದವರೊಡನೆ ಒಂದು, ಮೇಲಧಿಕಾರಿಯೊಡನೆ ಒಂದು, ತಲೆನೋವಿಗೆ ಒಂದು ಎಂದು ಕಚೇರಿಯಲ್ಲಿ ದಿನಕ್ಕೆ ಐದು ಕಪ್ಪು ಚಹಾ ಆಗುವುದು ಅಪರೂಪವಲ್ಲ. ಕಪ್ಪಿಗೆ ಎರಡು ಚಮಚೆ ಸಕ್ಕರೆ ಎಂದರೆ ದಿನಕ್ಕೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 2000 ಕಿಲೋಕ್ಯಾಲೊರಿಯ ಆಹಾರದಲ್ಲಿ ಹೊರಗಿನಿಂದ ಬೆರೆಸಿದ ಸಕ್ಕರೆ 50 ಗ್ರಾಂ ಮೀರಬಾರದು. 25 ಗ್ರಾಂನೊಳಗಿದ್ದರೆ ಉತ್ತಮ. ಒಂದು ತುಂಡು ಮಿಠಾಯಿಯನ್ನೂ ಮುಟ್ಟದೆ, ಬರೀ ಚಹಾದಿಂದಲೇ ದಿನದ ಪಾಲು ಮುಗಿದುಹೋಗುತ್ತದೆ.

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಬಾಧಕವಿಲ್ಲವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶವಿರುವುದು ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ರಕ್ತದಲ್ಲಿ ಅದು ಸಕ್ಕರೆಯಂತೆಯೇ ಏರುತ್ತದೆ. ಚಹಾವನ್ನು ದಿನಕ್ಕೆ ಎರಡಕ್ಕೆ ಇಳಿಸಿ, ಸಿಹಿಯನ್ನು ವಾರಕ್ಕೆ ಅರ್ಧ ಚಮಚೆಯಂತೆ ತಗ್ಗಿಸುತ್ತ ಬಂದರೆ ಒಂದೆರಡು ತಿಂಗಳಿನಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೇಜಿನ ಮೇಲೆ ನೀರಿನ ಬಾಟಲಿ ಇರಲಿ. ಎಷ್ಟೋ ಸಲ ಚಹಾ ಬೇಕೆನಿಸುವುದು ಬಾಯಾರಿಕೆಗೆ, ಬೇಸರಕ್ಕೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ದಕ್ಕುವುದು ಕಡಿಮೆಯಾಗುತ್ತದೆ. ರಕ್ತಹೀನತೆಯಿರುವ ಮಹಿಳೆಯರು ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿಡುವುದು ಒಳಿತು.

ಬುತ್ತಿಯಲ್ಲಿ ಏನಿರಬೇಕು

ಕಚೇರಿಯ ಆರೋಗ್ಯವೆಲ್ಲ ನಿಂತಿರುವುದು ಮನೆಯಿಂದ ಹೊರಡುವಾಗ ಕೈಯಲ್ಲಿ ಬುತ್ತಿಯಿದೆಯೇ ಇಲ್ಲವೇ ಎಂಬುದರ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಬುತ್ತಿಯಿಲ್ಲದವನು ಹಸಿವು ಉಕ್ಕಿದಾಗ ಸಿಕ್ಕಿದ್ದನ್ನು ತಿನ್ನುತ್ತಾನೆ. ಸಿಕ್ಕುವುದಾದರೂ ಏನು? ಮೈದಾ, ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಉಪ್ಪು.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗದರ್ಶಿಯು 2000 ಕಿಲೋಕ್ಯಾಲೊರಿಯ ದಿನದ ಆಹಾರವನ್ನು ಹೀಗೆ ಹಂಚಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ನಮ್ಮ ಮನೆಗಳ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಧಾನ್ಯ ಹೆಚ್ಚು, ಕಾಳು ಕಡಿಮೆ, ತರಕಾರಿ ತೀರ ಕಡಿಮೆ ಎಂಬುದು ತಾನೇ ತಿಳಿಯುತ್ತದೆ.

ಹಾಗೆಂದು ಹೊಸ ಅಡುಗೆಯನ್ನೇನೂ ಕಲಿಯಬೇಕಿಲ್ಲ. ಹಳೆಯ ಬುತ್ತಿಯಲ್ಲಿ ಎಲ್ಲವೂ ಇತ್ತು, ಪ್ರಮಾಣವನ್ನಷ್ಟೇ ಹೊಂದಿಸಿಕೊಳ್ಳಬೇಕು. ಡಬ್ಬಿಯ ಅರ್ಧಭಾಗ ಪಲ್ಯ ಹಾಗೂ ಹಸಿ ತರಕಾರಿ ಇರಲಿ: ಬದನೆಕಾಯಿ, ಹೀರೆಕಾಯಿ, ಚವಳಿಕಾಯಿ, ಪುಂಡಿಪಲ್ಯೆ, ನಂಚಿಕೊಳ್ಳಲು ಸೌತೆಕಾಯಿ, ಮೂಲಂಗಿ, ಎಳೆಯ ಮೆಂತ್ಯದ ಸೊಪ್ಪು. ಕಾಲುಭಾಗ ಹೆಸರು, ಮಡಕೆ, ಅಲಸಂದೆ, ಕಡಲೆಯಂತಹ ಕಾಳು. ಮೊಳಕೆ ಬರಿಸಿದ್ದಾದರೆ ಮತ್ತೂ ಮೇಲು. ಉಳಿದ ಕಾಲುಭಾಗಕ್ಕೆ ಎರಡು ರೊಟ್ಟಿ, ಇಲ್ಲವೆ ಒಂದು ಮುದ್ದೆ, ಇಲ್ಲವೆ ಒಂದು ಬಟ್ಟಲು ಅನ್ನ. ಜೊತೆಗೆ ಒಂದು ಚಮಚೆ ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಒಂದು ಲೋಟ ಮಜ್ಜಿಗೆ.

ಸಿರಿಧಾನ್ಯಗಳ ಬಗೆಗೆ ಒಂದು ಮಾತು. ಜೋಳ, ರಾಗಿ, ಸಜ್ಜೆ, ನವಣೆಗಳಲ್ಲಿ ನಾರು ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 340 ಮಿಲಿಗ್ರಾಂಗೂ ಹೆಚ್ಚು. ಅಕ್ಕಿಯಲ್ಲಿ ಅದು ತೀರ ಕಡಿಮೆ. ಆದರೆ ಸಿರಿಧಾನ್ಯವೂ ಧಾನ್ಯವೇ. ಒಳ್ಳೆಯದೆಂದು ಅಳತೆ ಮೀರಿ ಉಂಡರೆ ಅಕ್ಕಿ ಮಾಡಿದ್ದನ್ನೇ ಅದೂ ಮಾಡುತ್ತದೆ.

ಸಸ್ಯಾಹಾರಿಗಳಾದ ನಾವು ಮತ್ತೊಂದನ್ನು ಗಮನಿಸಬೇಕು. ಬಿ12 ಎಂಬ ಜೀವಸತ್ವ ನಮಗೆ ಸಹಜವಾಗಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ. ಇದರ ಕೊರತೆಯಾದರೆ ಆಯಾಸ, ಕೈಕಾಲು ಜೋಮು, ಮರೆವು ಕಾಣಿಸಿಕೊಳ್ಳುತ್ತವೆ. ಆಮ್ಲಪಿತ್ತದ ಮಾತ್ರೆಯನ್ನಾಗಲಿ, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನಾಗಲಿ ವರ್ಷಗಟ್ಟಲೆ ಸೇವಿಸುವವರಲ್ಲಿ ಈ ಕೊರತೆ ಹೆಚ್ಚು. ಅಂಥವರು ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು; ತಾವಾಗಿ ಮಾತ್ರೆ ನಿಲ್ಲಿಸಬಾರದು.

ಉಪ್ಪಿನ ವಿಷಯದಲ್ಲಿ ನಮ್ಮ ನಾಲಿಗೆ ಉದಾರಿ. ದಿನದ ಎಲ್ಲ ಆಹಾರವೂ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚೂಡಾಗಳೆಲ್ಲ ಈ ಲೆಕ್ಕದೊಳಗೇ ಬರಬೇಕು. ಸಂಜೆಯ ಹಸಿವಿಗೆ ಹಿಡಿಯಷ್ಟು ಹುರಿದ ಶೇಂಗಾ ಅಥವಾ ಪುಟಾಣಿ, ಒಂದು ಪೇರಲ ಹಣ್ಣು ಚೀಲದಲ್ಲಿರಲಿ. ಇವು ಇದ್ದರೆ ಮಿರ್ಚಿ ಭಜಿಯ ಬಂಡಿ ಕರೆದರೂ ಕಾಲು ಅತ್ತ ತಿರುಗುವುದಿಲ್ಲ.

ಬುತ್ತಿ ಕಟ್ಟುವ ಕೈ

ಬುತ್ತಿಯ ಮಾತು ಬಂದಾಗ ಅದನ್ನು ಕಟ್ಟುವವರ ಮಾತು ಬರದಿದ್ದರೆ ಅನ್ಯಾಯವಾಗುತ್ತದೆ. ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ದುಡಿಯುವ ಗೃಹಿಣಿ ಬೆಳಗಿನ ಐದಕ್ಕೆ ಎದ್ದು ಮಕ್ಕಳಿಗೆ, ಪತಿಗೆ, ಅತ್ತೆಮಾವಂದಿರಿಗೆ ಅಡುಗೆ ಮಾಡಿಟ್ಟು ಕಡೆಗೆ ತಾನು ಬರಿ ಚಹಾ ಕುಡಿದು ಓಡುತ್ತಾಳೆ. ಎಲ್ಲರ ಡಬ್ಬಿಯೂ ತುಂಬಿರುತ್ತದೆ, ಅವಳದೊಂದನ್ನು ಬಿಟ್ಟು. ಉಳಿದದ್ದನ್ನು ಉಣ್ಣುವುದೇ ಅವಳ ಊಟ ಎಂಬ ರೂಢಿ ಅವಳ ರಕ್ತವನ್ನೂ ಎಲುಬನ್ನೂ ಸವೆಸುತ್ತದೆ. ಕಾಯಕವನ್ನು ಹೆಣ್ಣು ಗಂಡೆಂಬ ಭೇದವಿಲ್ಲದೆ ಗೌರವಿಸಿದ ಪರಂಪರೆ ನಮ್ಮದು. ರಾತ್ರಿಯೇ ಕಾಳು ನೆನೆಹಾಕುವುದು, ಕಾಯಿಪಲ್ಯೆ ಹೆಚ್ಚಿಡುವುದು, ಬೆಳಿಗ್ಗೆ ಡಬ್ಬಿ ತುಂಬುವುದು ಮನೆಯ ಪುರುಷರಿಗೂ ಮಕ್ಕಳಿಗೂ ಬರುವ ಕೆಲಸವೇ. ಮನೆಯಲ್ಲಿ ಮೊದಲು ತುಂಬುವ ಡಬ್ಬಿ ಅವಳದಾಗಲಿ.

ಕುರ್ಚಿಯಿಂದ ಏಳುವ ಅಭ್ಯಾಸ

ನಮ್ಮ ದೇಹದಲ್ಲಿ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದು ಮಾಂಸಖಂಡಗಳು. ಅವುಗಳಲ್ಲಿ ದೊಡ್ಡವು ತೊಡೆ ಹಾಗೂ ನಿತಂಬದವು. ಅವು ಚಲಿಸಿದಾಗ ಇನ್ಸುಲಿನ್ ಕಡಿಮೆಯಿದ್ದರೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಕುಳಿತಾಗ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು ತಾಸು ನಡೆದು ಆಮೇಲೆ ಎಂಟು ತಾಸು ಅಲುಗಾಡದೆ ಕುಳಿತರೆ ನಡಿಗೆಯ ಲಾಭ ಪೂರ್ಣವಾಗಿ ದಕ್ಕುವುದಿಲ್ಲ.

ಅರ್ಧ ತಾಸಿಗೊಮ್ಮೆ ಎದ್ದು ಎರಡು ನಿಮಿಷ ಓಡಾಡಬೇಕು. ಕಡತವನ್ನು ಜವಾನನ ಕೈಯಲ್ಲಿ ಕಳುಹಿಸುವ ಬದಲು ತಾವೇ ಒಯ್ಯಬಹುದು. ಫೋನು ಬಂದಾಗ ನಿಂತು ಮಾತಾಡಬಹುದು. ಲಿಫ್ಟಿನ ಬದಲು ಮೆಟ್ಟಿಲು ಹತ್ತಬಹುದು. ಮಧ್ಯಾಹ್ನದ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಊಟದ ನಂತರ ಏರುವ ಸಕ್ಕರೆ ಗಣನೀಯವಾಗಿ ತಗ್ಗುತ್ತದೆ. ಮೂರು ಗಂಟೆಯ ತೂಕಡಿಕೆಯೂ ಕಡಿಮೆಯಾಗುತ್ತದೆ. ಇದಲ್ಲದೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ವಾರದಲ್ಲಿ ಐದು ದಿನ ನಡೆದರೆ ಅದು ಪೂರೈಸುತ್ತದೆ.

ಊಟವನ್ನು ಕಂಪ್ಯೂಟರಿನ ಮುಂದೆ, ಮೊಬೈಲ್ ನೋಡುತ್ತ ಮಾಡಬಾರದು. ಮನಸ್ಸು ಬೇರೆಡೆ ಇದ್ದಾಗ ಹೊಟ್ಟೆ ತುಂಬಿದ ಸುದ್ದಿ ಅದಕ್ಕೆ ತಲುಪುವುದಿಲ್ಲ. ಸಹೋದ್ಯೋಗಿಗಳು ಡಬ್ಬಿ ಬಿಚ್ಚಿ, ಹಂಚಿಕೊಂಡು, ನಾಲ್ಕು ಮಾತಾಡುತ್ತ ಉಣ್ಣುವ ಇಪ್ಪತ್ತು ನಿಮಿಷ ದೇಹಕ್ಕೆ ಎಷ್ಟು ಹಿತವೋ ಮನಸ್ಸಿನ ಒತ್ತಡಕ್ಕೂ ಅಷ್ಟೇ ಹಿತ.

ರಾತ್ರಿಯ ತಟ್ಟೆ, ಉಪವಾಸದ ದಿನ

ಹಗಲು ಅರೆಹೊಟ್ಟೆಯಲ್ಲಿದ್ದು ರಾತ್ರಿ ಹತ್ತಕ್ಕೆ ಭರ್ಜರಿಯಾಗಿ ಉಂಡು ಮಲಗುವುದು ನೌಕರರ ಮನೆಗಳಲ್ಲಿ ಸಾಮಾನ್ಯವಾಗಿದೆ. ಸಾಧ್ಯವಾದಷ್ಟು ಎಂಟರೊಳಗೆ ಹಗುರವಾಗಿ ಉಂಡು, ಮಲಗುವ ಮುನ್ನ ಎರಡು ತಾಸು ಬಿಡುವು ಕೊಡಬೇಕು. ಏಳು ತಾಸಿನ ನಿದ್ರೆ ಔಷಧಕ್ಕೆ ಸಮ. ನಿದ್ರೆಗೆಟ್ಟವರಿಗೆ ಮರುದಿನ ಹಸಿವೂ ಸಿಹಿಯ ಬಯಕೆಯೂ ಹೆಚ್ಚುತ್ತವೆ.

ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದು, ಅದು ಪ್ರಸಾದ ಎಂಬ ಸಂಸ್ಕಾರ ನಮಗೆ ಮನೆಯಿಂದಲೂ ಮಠದಿಂದಲೂ ಬಂದಿದೆ. ಅದು ಉಳಿಯಬೇಕು. ಆದರೆ ಒಲ್ಲೆನೆಂದರೂ "ಇನ್ನೊಂದು ರೊಟ್ಟಿ" ಎಂದು ಬಡಿಸಿ, ಚೆಲ್ಲಬಾರದೆಂದು ಹೊಟ್ಟೆಗೆ ತುಂಬಿಸಿದರೆ ಆ ಸಂಸ್ಕಾರ ದೇಹಕ್ಕೆ ಭಾರವಾಗುತ್ತದೆ. ಚೆಲ್ಲದಿರುವ ದಾರಿ ಮೊದಲೇ ಮಿತವಾಗಿ ನೀಡಿಸಿಕೊಳ್ಳುವುದು. ಪ್ರಸಾದದ ಗೌರವ ಕೊನೆಯ ತುತ್ತಿನಲ್ಲಿರುವಷ್ಟೇ ಮೊದಲ ಸೌಟಿನಲ್ಲಿಯೂ ಇದೆ.

ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವವರು ದಿನವಿಡೀ ಹಸಿದಿದ್ದು ಸಂಜೆ ಸಾಬೂದಾನಿ ವಡೆ, ಆಲೂಗಡ್ಡೆಯ ಚಿಪ್ಸು, ಸಿಹಿ ಎಂದು ತಿಂದರೆ ಊಟಕ್ಕಿಂತ ಹೆಚ್ಚಿನ ಹೊರೆಯಾಗುತ್ತದೆ. ಹಣ್ಣು, ಹಾಲು, ಮಜ್ಜಿಗೆ, ನೆನೆಸಿದ ಶೇಂಗಾ ಸಾಕು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿರಬಾರದು. ಸಕ್ಕರೆ ಥಟ್ಟನೆ ಇಳಿದು ಪ್ರಾಣಾಪಾಯವಾಗುವ ಸಂಭವವಿದೆ.

ಅಳೆದು ನೋಡಬೇಕಾದ ನಾಲ್ಕು

ಮಧುಮೇಹವೂ ರಕ್ತದೊತ್ತಡವೂ ಬಹುಕಾಲ ನೋವು ಕೊಡದೆ ಒಳಗೇ ಬೆಳೆಯುತ್ತವೆ. ಕುಳಿತು ಕೆಲಸ ಮಾಡುವವರು ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ನಾಲ್ಕನ್ನು ಅಳೆಸಿಕೊಳ್ಳಲಿ. ಮೊದಲನೆಯದು ಸೊಂಟದ ಸುತ್ತಳತೆ. ಅದರ ಗೆರೆಯನ್ನು ಮೇಲೆ ಹೇಳಿದೆ. ಎರಡನೆಯದು ರಕ್ತದೊತ್ತಡ, ಅದು ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯ ವಿಚಾರ ಮಾಡಬೇಕು. ಮೂರನೆಯದು ಬರಿಹೊಟ್ಟೆಯ ಸಕ್ಕರೆ. 100ರೊಳಗಿದ್ದರೆ ಕ್ಷೇಮ, 100ರಿಂದ 125 ಎಚ್ಚರಿಕೆ, 126 ಮುಟ್ಟಿ ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಮಧುಮೇಹ. ನಾಲ್ಕನೆಯದು ರಕ್ತದ ಕೊಬ್ಬು. ತಾಯಿತಂದೆಯರಿಗೆ ಮಧುಮೇಹವಿದ್ದವರು ಇನ್ನೂ ಮೊದಲೇ ಆರಂಭಿಸುವುದು ಒಳಿತು.

ಎಚ್ಚರಿಕೆಯ ಹಂತದಲ್ಲಿರುವವರಿಗೆ ಒಂದು ಸಮಾಧಾನದ ಮಾತಿದೆ. ಆ ಹೊಸ್ತಿಲಿನಿಂದ ಹಿಂದೆ ಬರಲು ಸಾಧ್ಯ. ದೇಹದ ತೂಕದಲ್ಲಿ ನೂರಕ್ಕೆ ಐದರಿಂದ ಏಳರಷ್ಟು ಇಳಿಸಿ, ನಿತ್ಯ ನಡೆದರೆ ಅನೇಕರಲ್ಲಿ ಕಾಯಿಲೆ ಬಾರದಂತೆ ತಡೆಯಬಹುದು, ಇಲ್ಲವೆ ಬಹಳ ವರ್ಷ ಮುಂದೂಡಬಹುದು.

ಆ ಗುಮಾಸ್ತರು ಆರು ತಿಂಗಳ ಬಳಿಕ ಮತ್ತೆ ಬಂದರು. ಮಾತ್ರೆ ನಡೆದೇ ಇತ್ತು. ಆದರೆ ತೂಕ ಐದು ಕಿಲೋ ಇಳಿದಿತ್ತು, ಬರಿಹೊಟ್ಟೆಯ ಸಕ್ಕರೆ 118ಕ್ಕೆ ಬಂದಿತ್ತು. "ಏನು ಮಾಡಿದಿರಿ?" ಎಂದೆ. ಅವರು ಚೀಲದಿಂದ ಉಕ್ಕಿನ ಡಬ್ಬಿಯೊಂದನ್ನು ತೆಗೆದು ತೋರಿಸಿದರು. "ನಮ್ಮಜ್ಜನ ರೊಟ್ಟಿ ಎಣಿಸೋದು ಬಿಟ್ಟೇನ್ರಿ. ಅವನ ಬುತ್ತಿ ಹಿಡಿದೇನಿ. ನೋಡಿ, ಈಗ ನಮ್ಮ ಕಚೇರ್ಯಾಗ ಆರು ಮಂದಿ ಡಬ್ಬಿ ತರತೇವಿ, ಉಂಡು ಆವರಣದಾಗ ನಾಕು ಸುತ್ತು ಹಾಕತೇವಿ."

ಕಾಯಕ ಯಾವುದಾದರೇನು, ಅದನ್ನು ನಡೆಸುವುದು ಈ ಕಾಯವೇ. ನೇಗಿಲು ಹಿಡಿದವರ ದೇಹವನ್ನು ಹೊಲವೇ ಗಟ್ಟಿಯಾಗಿರಿಸುತ್ತಿತ್ತು. ಲೇಖನಿ ಹಿಡಿದವರು ಆ ಕೆಲಸವನ್ನು ತಾವೇ ಮಾಡಿಕೊಳ್ಳಬೇಕಾಗಿದೆ. ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವ ಮುನ್ನ ಚೀಲವನ್ನೊಮ್ಮೆ ನೋಡಿಕೊಳ್ಳಿ. ಬುತ್ತಿ ಇಲ್ಲದಿದ್ದರೆ ಐದು ನಿಮಿಷ ತಡವಾದರೂ ಚಿಂತೆಯಿಲ್ಲ, ಕಟ್ಟಿಕೊಂಡೇ ಹೊರಡಿ.